ಲೆಕ್ಕ ಕೇಳುತ್ತಿದ್ದ ಪತ್ರಕರ್ತ, ಲೆಕ್ಕ ಕೊಡದ ಅಧ್ಯಕ್ಷ: ಮೌರಿಸಿಯೊ ಫುನೆಸ್ ಮತ್ತು ಇಂದಿನ ಎಲ್ ಸಾಲ್ವಡೋರ್

2025ರ ಜನವರಿ 21ರಂದು ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ ಮೌರಿಸಿಯೊ ಫುನೆಸ್ ತೀರಿಕೊಂಡರು. ಅವರಿಗೆ 65 ವರ್ಷ. 2009ರಿಂದ 2014ರವರೆಗೆ ಎಲ್ ಸಾಲ್ವಡೋರ್‌ನ ಅಧ್ಯಕ್ಷರಾಗಿದ್ದ ಅವರಿಗೆ ತಮ್ಮ ದೇಶದ ನೆಲದಲ್ಲಿ ಸಾಯುವ ಅವಕಾಶ ಇರಲಿಲ್ಲ. ಅಲ್ಲಿ ಅವರ ಹೆಸರಿನಲ್ಲಿ ಬಂಧನದ ವಾರಂಟ್‌ಗಳಿದ್ದವು, ಗೈರುಹಾಜರಿಯಲ್ಲೇ ವಿಚಾರಣೆ ನಡೆಸಿ ಕೊಟ್ಟ ಜೈಲು ಶಿಕ್ಷೆಗಳಿದ್ದವು. ಹಿಂದಿರುಗಿದ್ದರೆ ವಿಮಾನ ನಿಲ್ದಾಣದಿಂದ ನೇರ ಸೆರೆಮನೆಗೇ ಹೋಗಬೇಕಿತ್ತು.

ಅದಾಗಿ ಆರು ತಿಂಗಳಿಗೆ, ಜುಲೈ 31ರಂದು, ಎಲ್ ಸಾಲ್ವಡೋರ್‌ನ ಶಾಸನಸಭೆ ಸಂವಿಧಾನವನ್ನು ತಿದ್ದಿತು. ಒಬ್ಬರೇ ಎಷ್ಟು ಸಲ ಬೇಕಾದರೂ ಅಧ್ಯಕ್ಷರಾಗಬಹುದು, ಅವಧಿ ಐದು ವರ್ಷದ ಬದಲು ಆರು ವರ್ಷ, ಎರಡನೇ ಸುತ್ತಿನ ಮತದಾನ ಇನ್ನಿಲ್ಲ. 2019ರಲ್ಲಿ ಅಧ್ಯಕ್ಷರಾದ ನಾಯಿಬ್ ಬುಕೆಲೆ ಎಷ್ಟು ಕಾಲ ಅಧಿಕಾರದಲ್ಲಿರಬಹುದು ಎಂಬುದಕ್ಕೆ ಕಾನೂನಿನ ಮಿತಿಯೇ ಈಗ ಉಳಿದಿಲ್ಲ.

ಬುಕೆಲೆಯ ಏಳಿಗೆಯನ್ನು ಜಗತ್ತು ಗ್ಯಾಂಗ್‌ಗಳ ಕಥೆಯಾಗಿ ಓದುತ್ತದೆ: ಕೊಲೆಗಡುಕ ಗುಂಪುಗಳಿಂದ ಬೇಸತ್ತ ಜನ ಕಠಿಣ ನಾಯಕನೊಬ್ಬನನ್ನು ಆರಿಸಿಕೊಂಡರು ಎಂದು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಭಯದ ಜೊತೆಗೆ ಅಲ್ಲಿ ಇನ್ನೊಂದು ಭಾವನೆ ದಟ್ಟವಾಗಿತ್ತು. ಅದು ನಂಬಿ ಕೆಟ್ಟೆವೆಂಬ ನೋವು. ಆ ನಂಬಿಕೆಯನ್ನು ಎಲ್ಲರಿಗಿಂತ ಹೆಚ್ಚು ಹುಟ್ಟಿಸಿದವರು ಫುನೆಸ್. ಹಾಳು ಮಾಡಿದವರಲ್ಲೂ ಅವರೇ ಮೊದಲಿಗರು. ಹಾಗಾಗಿ ಈ ದೇಶ ಇವತ್ತು ಇಲ್ಲಿಗೆ ಹೇಗೆ ಬಂತು ಎಂದು ತಿಳಿಯಬೇಕಾದವರು ಬುಕೆಲೆಯಿಂದಲ್ಲ, ಫುನೆಸ್‌ರಿಂದ ಶುರು ಮಾಡಬೇಕು ಎಂಬುದು ನನ್ನ ವಾದ.

ಎಲ್ ಸಾಲ್ವಡೋರ್ ಪುಟ್ಟ ದೇಶ. ವಿಸ್ತೀರ್ಣ ಸುಮಾರು 21 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂಬತ್ತನೇ ಒಂದು ಭಾಗ. ಜನಸಂಖ್ಯೆ 60 ಲಕ್ಷದ ಆಸುಪಾಸು. ಕಾಫಿ ತೋಟಗಳು ಕೆಲವೇ ಮನೆತನಗಳ ಕೈಯಲ್ಲಿ, ಸರ್ಕಾರ ಸೇನೆಯ ಕೈಯಲ್ಲಿ. ಹತ್ತಾರು ವರ್ಷ ಹೀಗೇ ನಡೆದ ಮೇಲೆ 1980ರಲ್ಲಿ ಅಂತರ್ಯುದ್ಧ ಭುಗಿಲೆದ್ದಿತು. ಅದೇ ವರ್ಷ ಮಾರ್ಚ್ 24ರಂದು, ಬಡವರ ಪರ ಮಾತಾಡುತ್ತಿದ್ದ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆಯ ವೇಳೆಯಲ್ಲೇ ಗುಂಡಿಟ್ಟು ಕೊಂದರು. ಮುಂದಿನ 12 ವರ್ಷಗಳಲ್ಲಿ ಸತ್ತವರು ಸುಮಾರು 75,000. ಒಂದು ಕಡೆ ಅಮೆರಿಕದ ಹಣ, ತರಬೇತಿ, ಆಯುಧ ಪಡೆದ ಸರ್ಕಾರಿ ಸೇನೆ. ಇನ್ನೊಂದು ಕಡೆ ಐದು ಎಡಪಂಥೀಯ ಗೆರಿಲ್ಲಾ ಸಂಘಟನೆಗಳು ಸೇರಿ ಕಟ್ಟಿದ ಎಫ್‌ಎಂಎಲ್‌ಎನ್. 1992ರ ಜನವರಿ 16ರಂದು ಮೆಕ್ಸಿಕೋದ ಚಾಪುಲ್ತೆಪೆಕ್ ಕೋಟೆಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಗೆರಿಲ್ಲಾಗಳು ಬಂದೂಕು ಕೆಳಗಿಟ್ಟು ರಾಜಕೀಯ ಪಕ್ಷವಾದರು.

ಫುನೆಸ್ ಬಂದೂಕು ಹಿಡಿದವರಲ್ಲ. 1959ರಲ್ಲಿ ರಾಜಧಾನಿ ಸಾನ್ ಸಾಲ್ವಡೋರ್‌ನಲ್ಲಿ ಹುಟ್ಟಿ, ಜೆಸ್ಯುಯಿಟ್ ಪಾದ್ರಿಗಳ ಶಾಲೆಯಲ್ಲಿ, ನಂತರ ಅವರದೇ ವಿಶ್ವವಿದ್ಯಾಲಯದಲ್ಲಿ ಓದಿದರು. ಪದವಿ ಪೂರೈಸಲಿಲ್ಲ. ಯುದ್ಧ ಅವರ ಅಣ್ಣನನ್ನು ಬಲಿ ತೆಗೆದುಕೊಂಡಿತು. ಕೆಲ ಕಾಲ ಮೇಷ್ಟರಾಗಿದ್ದು, 1980ರ ದಶಕದ ನಡುವೆ ಟಿವಿ ಪತ್ರಿಕೋದ್ಯಮಕ್ಕೆ ಬಂದರು. 1989ರ ನವೆಂಬರ್ 16ರ ನಸುಕಿನಲ್ಲಿ ಸೈನಿಕರು ಅದೇ ವಿಶ್ವವಿದ್ಯಾಲಯಕ್ಕೆ ನುಗ್ಗಿ ಕುಲಪತಿ ಇಗ್ನಾಸಿಯೊ ಎಯಾಕುರಿಯಾ ಸೇರಿ ಆರು ಪಾದ್ರಿಗಳನ್ನು, ಮನೆಗೆಲಸದ ಹೆಂಗಸು ಮತ್ತು ಆಕೆಯ ಹದಿಹರೆಯದ ಮಗಳನ್ನು ಕೊಂದಾಗ, ಫುನೆಸ್ ಕಳೆದುಕೊಂಡದ್ದು ತಾವು ಗುರು ಎಂದು ಭಾವಿಸಿದ್ದವರನ್ನು.

ಯುದ್ಧ ಮುಗಿದ ಮೇಲೆ ಚಾನೆಲ್ 12ರ ಬೆಳಗಿನ ಸಂದರ್ಶನ ಕಾರ್ಯಕ್ರಮ ಅವರನ್ನು ಮನೆಮಾತಾಗಿಸಿತು. ಕನ್ನಡಕ, ಕೋಟು, ಎದುರಿಗೆ ಮಂತ್ರಿ ಅಥವಾ ಉದ್ಯಮಿ ಅಥವಾ ನಿವೃತ್ತ ಜನರಲ್. ಫುನೆಸ್ ಕೂಗಾಡುವವರಲ್ಲ. ಕಡತ ಓದಿಕೊಂಡು ಬಂದಿರುತ್ತಿದ್ದರು, ಉತ್ತರ ಬರುವವರೆಗೂ ಪ್ರಶ್ನೆ ಬಿಡುತ್ತಿರಲಿಲ್ಲ. ಸೇನೆಯ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ದೇಶದಲ್ಲಿ ಅಧಿಕಾರಸ್ಥರನ್ನು ಕೂರಿಸಿ ಲೆಕ್ಕ ಕೇಳುವುದು ಎಂಥ ದೊಡ್ಡ ಸಂಗತಿ ಎಂದು ಊಹಿಸಬಹುದು. ಸಿಎನ್‌ಎನ್‌ನ ಸ್ಪ್ಯಾನಿಷ್ ವಾಹಿನಿಗೂ ಅವರು ವರದಿ ಮಾಡುತ್ತಿದ್ದರು. 1994ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರಿಯಾ ಮೂರ್ಸ್ ಕ್ಯಾಬಟ್ ಪ್ರಶಸ್ತಿ ಬಂತು. 2005ರಲ್ಲಿ ಚಾನೆಲ್ 12 ಅವರನ್ನು ಕೆಲಸದಿಂದ ತೆಗೆದಾಗ ಅವರ ಜನಪ್ರಿಯತೆ ಕುಗ್ಗುವ ಬದಲು ಹೆಚ್ಚಿತು.

ಶಾಂತಿ ಬಂದಿತ್ತು, ನ್ಯಾಯ ಬಂದಿರಲಿಲ್ಲ. ವಿಶ್ವಸಂಸ್ಥೆ ನೇಮಿಸಿದ ಸತ್ಯ ಆಯೋಗ 22 ಸಾವಿರಕ್ಕೂ ಹೆಚ್ಚು ದೂರು ಸ್ವೀಕರಿಸಿ 1993ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಸುಮಾರು ಶೇ 85ರಷ್ಟು ದೂರುಗಳು ಸೇನೆ, ಪೊಲೀಸ್ ಮತ್ತು ಅವುಗಳ ನೆರಳಲ್ಲಿದ್ದ ಕೊಲೆಪಡೆಗಳ ವಿರುದ್ಧ, ಶೇ 5ರಷ್ಟು ಗೆರಿಲ್ಲಾಗಳ ವಿರುದ್ಧ. ರೊಮೆರೊ ಕೊಲೆಗೆ ಆದೇಶ ಕೊಟ್ಟವನು ಬಲಪಂಥೀಯ ಅರೆನಾ ಪಕ್ಷದ ಸ್ಥಾಪಕ ರೊಬೆರ್ತೊ ದೊಬ್ಯುಸೋನ್ ಎಂದು ಆಯೋಗ ಹೆಸರಿಟ್ಟೇ ಹೇಳಿತು. ವರದಿ ಬಂದ ಒಂದು ವಾರದೊಳಗೆ ಅರೆನಾ ಮತ್ತು ಅದರ ಮಿತ್ರರಿಗೆ ಬಹುಮತವಿದ್ದ ಶಾಸನಸಭೆ ಎಲ್ಲರಿಗೂ ಕ್ಷಮಾದಾನ ನೀಡುವ ಕಾನೂನು ಮಾಡಿ ಕಡತ ಮುಚ್ಚಿಬಿಟ್ಟಿತು. ಅದೇ ಅರೆನಾ 1989ರಿಂದ 2009ರವರೆಗೆ, ನಾಲ್ವರು ಅಧ್ಯಕ್ಷರ ಮೂಲಕ, ಇಪ್ಪತ್ತು ವರ್ಷ ಆಳಿತು. 2001ರಲ್ಲಿ ದೇಶದ ನಾಣ್ಯವನ್ನೇ ಕೈಬಿಟ್ಟು ಅಮೆರಿಕನ್ ಡಾಲರ್ ತಂದಿತು. ಹಳ್ಳಿಗಳು ಅಮೆರಿಕಕ್ಕೆ ವಲಸೆ ಹೋದವರು ಕಳಿಸುವ ಹಣದ ಮೇಲೆ ನಡೆಯತೊಡಗಿದವು.

ಎಫ್‌ಎಂಎಲ್‌ಎನ್ ಪ್ರತಿ ಸಲವೂ ಹಳೆಯ ಕಮಾಂಡರ್ ಅಥವಾ ಎಡಪಂಥೀಯ ನಾಯಕರನ್ನು ನಿಲ್ಲಿಸಿ ಸೋಲುತ್ತಿತ್ತು. ಗೆರಿಲ್ಲಾ ಹಿನ್ನೆಲೆಯ ಮುಖ ಕಂಡರೆ ಮಧ್ಯಮವರ್ಗ ಹೆದರುತ್ತಿತ್ತು. 2007ರಲ್ಲಿ ಪಕ್ಷ ಫುನೆಸ್ ಅವರನ್ನು ಅಭ್ಯರ್ಥಿ ಮಾಡಿತು. ಉಪಾಧ್ಯಕ್ಷ ಸ್ಥಾನಕ್ಕೆ ಮಾಜಿ ಕಮಾಂಡರ್ ಸಾಲ್ವಡೋರ್ ಸಾಂಚೆಸ್ ಸೆರೆನ್. ಫುನೆಸ್ ಪಕ್ಷದ ಕೆಂಪು ಅಂಗಿ ಬಿಟ್ಟು ಬಿಳಿ ಅಂಗಿ ತೊಟ್ಟು ಪ್ರಚಾರ ಮಾಡಿದರು, ಬ್ರೆಜಿಲ್‌ನ ಲೂಲಾರನ್ನು ಮಾದರಿ ಎಂದರು. ಇದೇ ಹೊತ್ತಿನಲ್ಲಿ ಅವರ ಹಿರಿಯ ಮಗ ಪ್ಯಾರಿಸ್‌ನಲ್ಲಿ ಹಲ್ಲೆಗೆ ಬಲಿಯಾದ. ಆ ದುಃಖದ ನಡುವೆಯೇ ಪ್ರಚಾರಕ್ಕಿಳಿದರು. 2009ರ ಮಾರ್ಚ್ 15ರಂದು ಶೇ 51ರಷ್ಟು ಮತ ಪಡೆದು ಗೆದ್ದರು. ಎದುರಾಳಿ, ಮಾಜಿ ಪೊಲೀಸ್ ಮುಖ್ಯಸ್ಥ ರೊದ್ರಿಗೊ ಆವಿಲಾ, ತಕರಾರಿಲ್ಲದೆ ಸೋಲು ಒಪ್ಪಿಕೊಂಡರು. ಒಬ್ಬರನ್ನೊಬ್ಬರು ಕೊಂದ ಎರಡು ಪಕ್ಷಗಳ ನಡುವೆ ಮತಪೆಟ್ಟಿಗೆಯ ಮೂಲಕ ಅಧಿಕಾರ ಕೈ ಬದಲಾಯಿತು. ಈಗ ಇದನ್ನು ಬರೆಯುವಾಗಲೂ ಆ ದಿನದ ದೊಡ್ಡಸ್ತಿಕೆಯನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಜೂನ್ 1ರಂದು ಪ್ರಮಾಣವಚನಕ್ಕೆ ಮೊದಲು ಅವರು ಹೋದದ್ದು ರೊಮೆರೊ ಸಮಾಧಿಗೆ. ಕ್ಯೂಬಾ ಜೊತೆ ಕಡಿದುಹೋಗಿದ್ದ ಸಂಬಂಧವನ್ನು ಮೊದಲ ದಿನವೇ ಮರಳಿ ಜೋಡಿಸಿದರು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ, ಶೂ, ಪುಸ್ತಕ ಸಾಮಗ್ರಿ ಉಚಿತವಾಗಿ ಸಿಗತೊಡಗಿತು. ಸಮವಸ್ತ್ರ ಹೊಲಿಯುವ ಕೆಲಸ ಸ್ಥಳೀಯ ದರ್ಜಿಗಳಿಗೆ, ಸಣ್ಣ ಹೊಲಿಗೆ ಮನೆಗಳಿಗೆ ಸಿಕ್ಕಿತು. ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ವಯಂಪ್ರೇರಿತ ದೇಣಿಗೆ' ಎಂಬ ಹೆಸರಿನಲ್ಲಿ ರೋಗಿಗಳಿಂದ ವಸೂಲಿ ಮಾಡುತ್ತಿದ್ದ ಶುಲ್ಕ ನಿಂತಿತು. ಅವರ ಪತ್ನಿ ವಾಂಡಾ ಪಿಗ್ನಾಟೊ ಮುಂದೆ ನಿಂತು 'ಸಿಯುದಾದ್ ಮುಹೆರ್' ಎಂಬ ಕೇಂದ್ರಗಳನ್ನು ತೆರೆಸಿದರು. ಹೆರಿಗೆ ಪರೀಕ್ಷೆ, ಹಿಂಸೆಯ ದೂರು, ಕಾನೂನು ನೆರವು, ಸಾಲ ಎಲ್ಲವೂ ಹೆಂಗಸರಿಗೆ ಒಂದೇ ಆವರಣದಲ್ಲಿ ಸಿಗುವ ವ್ಯವಸ್ಥೆ ಅದು. ಫುನೆಸ್ ಬಗ್ಗೆ ಎಷ್ಟೇ ಸಿಟ್ಟಿದ್ದರೂ ಇವುಗಳನ್ನು ಅಳಿಸಿ ಮಾತಾಡುವುದು ನ್ಯಾಯವಲ್ಲ.

ಆದರೆ ಅವರ ಆಡಳಿತದ ಅತಿ ಮುಖ್ಯ ದಿನ ಯಾವುದೆಂದರೆ 2012ರ ಜನವರಿ 16, ಶಾಂತಿ ಒಪ್ಪಂದದ ಇಪ್ಪತ್ತನೇ ವರ್ಷ. ಆ ದಿನ ಅವರು ಮೊರಸಾನ್ ಪ್ರಾಂತ್ಯದ ಎಲ್ ಮೊಸೋಟೆ ಎಂಬ ಹಳ್ಳಿಗೆ ಹೋದರು.

1981ರ ಡಿಸೆಂಬರ್‌ನಲ್ಲಿ ಅಮೆರಿಕ ತರಬೇತಿ ಕೊಟ್ಟ ಅಟ್ಲಾಕಾಟ್ಲ್ ಬೆಟಾಲಿಯನ್ ಆ ಹಳ್ಳಿಗೆ ಬಂದಿತ್ತು. ಗಂಡಸರನ್ನು ಚರ್ಚಿನೊಳಗೆ ಕೂಡಿಹಾಕಿದರು, ಹೆಂಗಸರು ಮಕ್ಕಳನ್ನು ಬೇರೆ ಮನೆಗಳಲ್ಲಿ. ಮೊದಲು ಗಂಡಸರು, ಆಮೇಲೆ ಹೆಂಗಸರು, ಕೊನೆಗೆ ಮಕ್ಕಳು. ಎಲ್ ಮೊಸೋಟೆ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸತ್ತವರು ಸಾವಿರದ ಹತ್ತಿರ. ಬದುಕುಳಿದು ಜಗತ್ತಿಗೆ ಹೇಳಿದವರು ರುಫಿನಾ ಅಮಾಯಾ. ಮರೆಯಲ್ಲಿ ಅಡಗಿದ್ದ ಆಕೆಗೆ ತನ್ನ ಮಕ್ಕಳ ಕೂಗು ಕೇಳಿಸಿತ್ತು. ಆಕೆ ಹೇಳಿದ್ದು ಕಟ್ಟುಕಥೆ ಎಂದು ಎಲ್ ಸಾಲ್ವಡೋರ್, ಅಮೆರಿಕ ಎರಡೂ ಸರ್ಕಾರಗಳು ವರ್ಷಗಟ್ಟಲೆ ತಳ್ಳಿಹಾಕಿದವು. 1992ರಲ್ಲಿ ವಿಧಿವಿಜ್ಞಾನಿಗಳು ಚರ್ಚಿನ ಪಕ್ಕದ ಒಂದು ಸಣ್ಣ ಕಟ್ಟಡದ ನೆಲ ಅಗೆದರು. ಅಲ್ಲಿ ಗುರುತಿಸಲಾದ 143 ಜನರ ಅವಶೇಷಗಳಲ್ಲಿ 131 ಹನ್ನೆರಡು ವರ್ಷದೊಳಗಿನ ಮಕ್ಕಳವು. ಆ ಮಕ್ಕಳ ಸರಾಸರಿ ವಯಸ್ಸು ಆರು. ಸಿಕ್ಕ ಕಾಡತೂಸುಗಳು ಅಮೆರಿಕದಲ್ಲಿ ತಯಾರಾದವು.

ಮೂವತ್ತು ವರ್ಷ ಯಾವ ಅಧ್ಯಕ್ಷರೂ ಮಾಡದ ಕೆಲಸವನ್ನು ಆ ದಿನ ಫುನೆಸ್ ಮಾಡಿದರು. ಹಳ್ಳಿಯವರ ಎದುರು ನಿಂತು, ಇದನ್ನು ಮಾಡಿದ್ದು ಸರ್ಕಾರದ ಸೇನೆ ಎಂದು ಒಪ್ಪಿಕೊಂಡು, ದೇಶದ ಪರವಾಗಿ ಕ್ಷಮೆ ಕೇಳಿದರು. ಮಾತಾಡುತ್ತಾ ಅತ್ತರು. ಆ ಬೆಟಾಲಿಯನ್ ಮುನ್ನಡೆಸಿದ್ದ, ಸೇನೆ ವೀರನೆಂದು ಪೂಜಿಸುತ್ತಿದ್ದ ಕರ್ನಲ್ ಡೊಮಿಂಗೊ ಮೊಂತೆರ್ರೋಸಾನ ಹೆಸರನ್ನು ಎತ್ತಿಯೇ ಹೇಳಿದರು, ಇಂಥವರನ್ನು ಗೌರವಿಸುವುದನ್ನು ಮರುಚಿಂತಿಸಿ ಎಂದು ಸೇನೆಗೆ ತಾಕೀತು ಮಾಡಿದರು. ರುಫಿನಾ ಅಮಾಯಾ ಅದಕ್ಕೆ ಐದು ವರ್ಷ ಮೊದಲೇ ತೀರಿಕೊಂಡಿದ್ದರು.

ಆ ಕಣ್ಣೀರು ನಾಟಕ ಎಂದು ನಾನು ಒಪ್ಪುವುದಿಲ್ಲ. ಆದರೆ ಕ್ಷಮೆ ಕೇಳಿದ ಮೇಲೆ ಮುಂದೇನು? ಜೆಸ್ಯುಯಿಟ್ ಪಾದ್ರಿಗಳ ಕೊಲೆ ಪ್ರಕರಣದಲ್ಲಿ ಸ್ಪೇನ್ ನ್ಯಾಯಾಲಯಕ್ಕೆ ಬೇಕಾಗಿದ್ದ ಮಾಜಿ ಸೇನಾಧಿಕಾರಿಗಳು 2011ರಲ್ಲಿ ಸೇನಾ ನೆಲೆಯೊಂದರೊಳಗೆ ಆಶ್ರಯ ಪಡೆದಾಗ ಅವರನ್ನು ಯಾರೂ ಸ್ಪೇನ್‌ಗೆ ಒಪ್ಪಿಸಲಿಲ್ಲ. ಸುಪ್ರೀಂ ಕೋರ್ಟ್ ಬಂಧನ ಬೇಕಿಲ್ಲ ಎಂದಿತು. ಕ್ಷಮಾದಾನ ಕಾನೂನನ್ನು ಕಿತ್ತುಹಾಕಲು ಫುನೆಸ್ ಸರ್ಕಾರ ಕೈ ಹಾಕಲೇ ಇಲ್ಲ. ಅದು ಬಿದ್ದದ್ದು ಅವರು ಕುರ್ಚಿ ಬಿಟ್ಟ ಎರಡು ವರ್ಷದ ನಂತರ, 2016ರ ಜುಲೈನಲ್ಲಿ, ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠದ ತೀರ್ಪಿನಿಂದ. ಅದೇ ಸಂವಿಧಾನ ಪೀಠದ ನ್ಯಾಯಮೂರ್ತಿಗಳನ್ನು ಕಟ್ಟಿಹಾಕಲು 2011ರ ಜೂನ್‌ನಲ್ಲಿ ಶಾಸನಸಭೆ 743ನೇ ಆದೇಶ ಹೊರಡಿಸಿತ್ತು: ಐದೂ ಜನ ಒಮ್ಮತಕ್ಕೆ ಬಂದರಷ್ಟೇ ಕಾನೂನು ರದ್ದು ಮಾಡಬಹುದು ಎಂದು. ಅದಕ್ಕೆ ತಡಮಾಡದೆ ಸಹಿ ಹಾಕಿದವರು ಫುನೆಸ್. ಯುವಕರು ಬೀದಿಗಿಳಿದ ಮೇಲೆ ಎರಡು ತಿಂಗಳೊಳಗೆ ಆ ಆದೇಶ ರದ್ದಾಯಿತು. ಆದರೆ ನ್ಯಾಯಾಲಯ ಅಡ್ಡ ಬಂದರೆ ಅದರ ಕೈ ತಿರುಚಬಹುದು ಎಂಬುದನ್ನು ಎಲ್ಲರೂ ನೋಡಿಕೊಂಡರು.

ಈಗ ಹಣದ ವಿಷಯ. ಎಲ್ ಸಾಲ್ವಡೋರ್ ಅಧ್ಯಕ್ಷರ ಕಚೇರಿಯಲ್ಲಿ 'ಪಾರ್ತಿದಾ ಸೆಕ್ರೆತಾ' ಎಂಬ ರಹಸ್ಯ ನಿಧಿಯೊಂದಿತ್ತು. ಕೆಲಸ ಮಾಡುವ ಬಗೆ ಸರಳ. ಬಜೆಟ್‌ನಲ್ಲಿ ಅಧ್ಯಕ್ಷರ ಕಚೇರಿಗೆ ಸಣ್ಣ ಮೊತ್ತ ತೋರಿಸುವುದು. ವರ್ಷ ನಡೆದಂತೆ ಬೇರೆ ಇಲಾಖೆಗಳ ಬಾಬ್ತಿನಿಂದ ಅದಕ್ಕೆ ಹಣ ವರ್ಗಾಯಿಸುತ್ತಾ ಹೋಗುವುದು. 'ಗುಪ್ತ ವೆಚ್ಚ' ಎಂಬ ತಲೆಬರಹದಡಿ ಖರ್ಚು ಮಾಡುವುದು. ರಸೀದಿ ಕೇಳುವವರಿಲ್ಲ, ಲೆಕ್ಕಪರಿಶೋಧನೆ ಇಲ್ಲ. ಅರೆನಾ ಅಧ್ಯಕ್ಷರು ಇದನ್ನು ವರ್ಷಾನುಗಟ್ಟಲೆ ಬಳಸಿದರು, ವಿರೋಧದಲ್ಲಿದ್ದ ಎಫ್‌ಎಂಎಲ್‌ಎನ್ ವರ್ಷಾನುಗಟ್ಟಲೆ ಬೈಯಿತು. ಫುನೆಸ್ ಗೆದ್ದಾಗ ಜನ ಕಾಯುತ್ತಿದ್ದದ್ದು ಈ ಬಾಗಿಲು ಮುಚ್ಚುತ್ತದೆ ಎಂದು. ಮುಚ್ಚಲಿಲ್ಲ.

ಫುನೆಸ್‌ಗಿಂತ ಹಿಂದಿನ ಅಧ್ಯಕ್ಷ ಆಂಟೋನಿಯೊ ಸಾಕಾ 30 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಹೀಗೆ ಬೇರೆಡೆಗೆ ಸಾಗಿಸಿದ್ದಾಗಿ 2018ರಲ್ಲಿ ನ್ಯಾಯಾಲಯದಲ್ಲೇ ತಪ್ಪೊಪ್ಪಿಕೊಂಡು ಹತ್ತು ವರ್ಷ ಜೈಲಿಗೆ ಹೋದರು. ಅದೇ ವರ್ಷ ಅಟಾರ್ನಿ ಜನರಲ್ ಕಚೇರಿ ಫುನೆಸ್ ಮತ್ತು ಅವರ ಆಪ್ತರ ಮೇಲೆ 35.1 ಕೋಟಿ ಡಾಲರ್ ಲೂಟಿಯ ಆರೋಪ ಹೊರಿಸಿತು. ಅದಕ್ಕೂ ಮೊದಲೇ, 2017ರಲ್ಲಿ, ಅಕ್ರಮ ಆಸ್ತಿ ಗಳಿಕೆಯ ಸಿವಿಲ್ ಪ್ರಕರಣದಲ್ಲಿ ಅವರು ತಪ್ಪಿತಸ್ಥರೆಂದು ತೀರ್ಮಾನವಾಗಿ ಸುಮಾರು 4 ಲಕ್ಷ 20 ಸಾವಿರ ಡಾಲರ್ ಮರಳಿಸಬೇಕೆಂದು ಆದೇಶವಾಗಿತ್ತು. 35.1 ಕೋಟಿಯ ಆರೋಪದಲ್ಲಿ ಎಷ್ಟು ನಿಜ ಎಂದು ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಯಾವ ನ್ಯಾಯಾಲಯವೂ ಪರೀಕ್ಷಿಸಲಿಲ್ಲ. ರಾಜಕೀಯ ದ್ವೇಷ ಎಂದು ಫುನೆಸ್ ಕೊನೆಯವರೆಗೂ ಹೇಳಿದರು. ಇರಬಹುದು. ಆದರೆ ಹದಿನೈದು ವರ್ಷ ಬೇರೆಯವರಿಂದ ಲೆಕ್ಕ ಕೇಳಿದವರು ತಮ್ಮ ಐದು ವರ್ಷದ ರಹಸ್ಯ ನಿಧಿಯ ಲೆಕ್ಕವನ್ನು ಜನರ ಮುಂದಿಡಲು ಯಾವ ದ್ವೇಷವೂ ಅಡ್ಡಿಯಾಗುತ್ತಿರಲಿಲ್ಲ. ನನಗೆ ಅತಿ ಹೆಚ್ಚು ನೋವಾಗುವುದು ಇಲ್ಲಿ.

ಗ್ಯಾಂಗ್‌ಗಳ ಜೊತೆಗಿನ ಒಪ್ಪಂದದ್ದು ಇನ್ನೂ ಜಟಿಲ ಕಥೆ. ಎಂಎಸ್-13, ಬಾರಿಯೊ 18 ಹುಟ್ಟಿದ್ದು ಎಲ್ ಸಾಲ್ವಡೋರ್‌ನಲ್ಲಲ್ಲ, ಲಾಸ್ ಏಂಜಲೀಸ್‌ನಲ್ಲಿ. ಯುದ್ಧದಿಂದ ಓಡಿಹೋದ ಕುಟುಂಬಗಳ ಮಕ್ಕಳು ಅಲ್ಲಿನ ಬೀದಿಗಳಲ್ಲಿ ಗುಂಪು ಸೇರಿದರು. ಯುದ್ಧ ಮುಗಿದ ಮೇಲೆ ಅಮೆರಿಕ ಅವರನ್ನು ಸಾವಿರಗಟ್ಟಲೆ ಗಡೀಪಾರು ಮಾಡಿತು. ಕೆಲಸವಿಲ್ಲದ, ಪೊಲೀಸ್ ವ್ಯವಸ್ಥೆ ಈಗಷ್ಟೇ ಕಟ್ಟಿಕೊಳ್ಳುತ್ತಿದ್ದ ದೇಶದಲ್ಲಿ ಅವರು ಬಡಾವಣೆಗಳನ್ನೇ ಹಂಚಿಕೊಂಡರು. ಅಂಗಡಿಯವರು, ಬಸ್ಸಿನವರು ಅವರಿಗೆ ಮಾಮೂಲಿ ಕೊಡದೆ ಬದುಕುವಂತಿರಲಿಲ್ಲ. 2011ರಲ್ಲಿ ಕೊಲೆಗಳ ಸಂಖ್ಯೆ 4,371.

2012ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ದಿನಕ್ಕೆ ಹದಿನಾಲ್ಕರಷ್ಟಿದ್ದ ಕೊಲೆಗಳು ಐದಾರಕ್ಕೆ ಇಳಿದವು. ಜಾಲತಾಣ ಪತ್ರಿಕೆ ಎಲ್ ಫಾರೊ ಅದರ ಗುಟ್ಟು ಹೊರಹಾಕಿತು: ಬಿಗಿ ಭದ್ರತೆಯ ಸಕಾತೆಕೊಲುಕಾ ಜೈಲಿನಲ್ಲಿದ್ದ ಗ್ಯಾಂಗ್ ನಾಯಕರನ್ನು ಸಡಿಲ ಜೈಲುಗಳಿಗೆ ಸ್ಥಳಾಂತರಿಸಲಾಗಿತ್ತು, ಬದಲಿಗೆ ಅವರು ಕೊಲೆ ನಿಲ್ಲಿಸಲು ಒಪ್ಪಿದ್ದರು. ಮಧ್ಯಸ್ಥಿಕೆ ಒಬ್ಬ ಮಾಜಿ ಗೆರಿಲ್ಲಾನದು ಮತ್ತು ಒಬ್ಬ ಬಿಷಪ್‌ರದು. ಹಿಂದಿದ್ದವರು ಭದ್ರತಾ ಸಚಿವ ಜನರಲ್ ದಾವಿದ್ ಮುಂಗಿಯಾ ಪಾಯೆಸ್. ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಫುನೆಸ್. ಆಮೇಲೆ ಮಾತು ಬದಲಾಯಿತು, ಮತ್ತೆ ಬದಲಾಯಿತು.

ಸಾವು ನಿಲ್ಲಿಸಲು ಕೊಲೆಗಾರರ ಜೊತೆ ಮಾತಾಡುವುದೇ ತಪ್ಪು ಎಂದು ನಾನು ಹೇಳಲಾರೆ. ಅದಕ್ಕೆ ಇಪ್ಪತ್ತು ವರ್ಷ ಮೊದಲು ಸರ್ಕಾರ ಮತ್ತು ಗೆರಿಲ್ಲಾಗಳು ಕೂತು ಮಾತಾಡದಿದ್ದರೆ ಯುದ್ಧವೇ ನಿಲ್ಲುತ್ತಿರಲಿಲ್ಲ. ಚಾಪುಲ್ತೆಪೆಕ್‌ನಲ್ಲಿ ನಡೆದದ್ದೂ ಮಾತುಕತೆಯೇ. ವ್ಯತ್ಯಾಸ ಇಷ್ಟು. ಚಾಪುಲ್ತೆಪೆಕ್‌ನಲ್ಲಿ ಷರತ್ತುಗಳು ಬರೆದಿದ್ದವು, ಸಾಕ್ಷಿಗಳಿದ್ದರು, ವಿಶ್ವಸಂಸ್ಥೆ ನಿಗಾ ಇಟ್ಟಿತ್ತು. 2012ರದು ಕತ್ತಲಲ್ಲಿ ನಡೆದ ವ್ಯವಹಾರ. ಸರ್ಕಾರ ಏನು ಕೊಟ್ಟು ಏನು ಪಡೆಯಿತು ಎಂದು ಜನರಿಗೆ ಗೊತ್ತಾಗಲಿಲ್ಲ, ಮಾಮೂಲಿ ವಸೂಲಿ ನಿಲ್ಲಲಿಲ್ಲ, ಗ್ಯಾಂಗ್‌ಗಳಿಗೆ ಮಾತ್ರ ಒಂದು ಪಾಠ ಸಿಕ್ಕಿತು: ಹೆಣಗಳ ಸಂಖ್ಯೆ ಏರಿಸಿ ಇಳಿಸಿ ಸರ್ಕಾರದ ಜೊತೆ ಚೌಕಾಸಿ ಮಾಡಬಹುದು ಎಂದು. ಒಪ್ಪಂದ ಮುರಿಯಿತು. 2015ರಲ್ಲಿ, ಸಾಂಚೆಸ್ ಸೆರೆನ್ ಅಧ್ಯಕ್ಷರಾಗಿದ್ದಾಗ, ಒಂದೇ ವರ್ಷದಲ್ಲಿ 6,600ಕ್ಕೂ ಹೆಚ್ಚು ಕೊಲೆಗಳಾದವು. ಯುದ್ಧ ಮುಗಿದ ಮೇಲೆ ಆ ದೇಶ ಕಂಡ ಅತಿ ರಕ್ತಸಿಕ್ತ ವರ್ಷಗಳಲ್ಲಿ ಅದೂ ಒಂದು.

2016ರಲ್ಲಿ ತನಿಖೆ ಬಿಗಿಯಾಗುತ್ತಿದ್ದಂತೆ ಫುನೆಸ್ ನಿಕರಾಗುವಾಕ್ಕೆ ಹೋಗಿ ಆಶ್ರಯ ಕೇಳಿದರು. ಡೇನಿಯಲ್ ಒರ್ಟೆಗಾ ಸರ್ಕಾರ ತಕ್ಷಣ ಕೊಟ್ಟಿತು, 2019ರಲ್ಲಿ ಪೌರತ್ವವನ್ನೂ ಕೊಟ್ಟಿತು. ಅಲ್ಲಿಂದ ಟ್ವಿಟರ್‌ನಲ್ಲಿ ವಾದ ಮಾಡುತ್ತಾ ಉಳಿದರು. ಇಲ್ಲಿ ಇನ್ನೊಂದು ಹೆಸರು ನೆನೆಯಲೇಬೇಕು. ನಿಕರಾಗುವಾದಲ್ಲಿ ಯುದ್ಧ ಕೊನೆಗಾಣುವ ಹೊತ್ತಿಗೆ, 1990ರಲ್ಲಿ, ಒರ್ಟೆಗಾರನ್ನು ಸೋಲಿಸಿ ಅಧ್ಯಕ್ಷೆಯಾಗಿ ದೇಶಕ್ಕೆ ಶಾಂತಿ ತಂದ ವಿಯೊಲೆತಾ ಚಮೊರ್ರೊ 2025ರ ಜೂನ್‌ನಲ್ಲಿ ಕೋಸ್ಟರಿಕಾದಲ್ಲಿ ತೀರಿಕೊಂಡರು. ಒರ್ಟೆಗಾ ಆಡಳಿತ ಅವರ ಇಬ್ಬರು ಮಕ್ಕಳನ್ನು ಬಂಧನದಲ್ಲಿಟ್ಟ ಮೇಲೆ ಆ ಕುಟುಂಬಕ್ಕೆ ತಾಯ್ನಾಡಿನಲ್ಲಿ ಜಾಗವಿರಲಿಲ್ಲ. ಚಮೊರ್ರೊ ಅವರನ್ನು ಹೊರಗಿಟ್ಟ ಸರ್ಕಾರದ ನೆರಳಿನಲ್ಲೇ ಫುನೆಸ್ ಬದುಕಿದರು, ಅದರ ಬಗ್ಗೆ ಒಂದು ಕಟು ಪ್ರಶ್ನೆಯನ್ನೂ ಕೇಳಲಿಲ್ಲ. ಹಳೆಯ ಫುನೆಸ್ ಎಂಥವರೆಂದು ನೆನಪಿದ್ದವರಿಗೆ ಆ ಮೌನ ಸಹಿಸಲಾಗದ್ದು.

ಬುಕೆಲೆ ರಾಜಕೀಯ ಕಲಿತದ್ದು ಎಫ್‌ಎಂಎಲ್‌ಎನ್‌ನಲ್ಲೇ. 2012ರಲ್ಲಿ ನುಯೆವೊ ಕುಸ್ಕತ್ಲಾನ್ ಎಂಬ ಸಣ್ಣ ಊರಿನ ಮೇಯರ್, 2015ರಲ್ಲಿ ರಾಜಧಾನಿಯ ಮೇಯರ್, 2017ರಲ್ಲಿ ಪಕ್ಷದಿಂದ ಉಚ್ಚಾಟನೆ. 2019ರ ಚುನಾವಣೆಯಲ್ಲಿ ಅವರ ಪ್ರಚಾರದ ಒಂದು ಘೋಷಣೆ ಕದ್ದದ್ದನ್ನು ಹಿಂದಿರುಗಿಸಿ ಎಂಬರ್ಥದ್ದು. ಕೇಳಿದವರಿಗೆ ಅದು ಯಾರಿಗೆ ಹೇಳಿದ್ದೆಂದು ಬಿಡಿಸಿ ಹೇಳಬೇಕಿರಲಿಲ್ಲ. ಒಬ್ಬ ಮಾಜಿ ಅಧ್ಯಕ್ಷ ಜೈಲಿನಲ್ಲಿ, ಇನ್ನೊಬ್ಬ ನಿಕರಾಗುವಾದಲ್ಲಿ, ಮತ್ತೊಬ್ಬ, ಫ್ರಾನ್ಸಿಸ್ಕೊ ಫ್ಲೋರೆಸ್, ತೈವಾನ್ ಕೊಟ್ಟ ಹಣದ ಪ್ರಕರಣದಲ್ಲಿ ವಿಚಾರಣೆ ಎದುರಿಸುತ್ತಲೇ ತೀರಿಕೊಂಡಿದ್ದರು. ಬಲ, ಎಡ ಎರಡೂ ಒಂದೇ ಎಂದು ಹೇಳಲು ಬುಕೆಲೆ ಹೆಚ್ಚು ಬೆವರು ಹರಿಸಬೇಕಾಗಲಿಲ್ಲ. ಮೊದಲ ಸುತ್ತಿನಲ್ಲೇ ಶೇ 53ರಷ್ಟು ಮತ ಬಂತು. 2024ರ ಹೊತ್ತಿಗೆ ಎಫ್‌ಎಂಎಲ್‌ಎನ್‌ಗೆ ಶಾಸನಸಭೆಯಲ್ಲಿ ಒಂದು ಸ್ಥಾನವೂ ಉಳಿಯಲಿಲ್ಲ.

ಮುಂದಿನದು ತಿಳಿದದ್ದೇ. 2021ರ ಮೇ 1ರಂದು ಸಂವಿಧಾನ ಪೀಠದ ಐವರೂ ನ್ಯಾಯಮೂರ್ತಿಗಳನ್ನು ಒಂದೇ ರಾತ್ರಿಯಲ್ಲಿ ತೆಗೆದುಹಾಕಲಾಯಿತು. 2022ರ ಮಾರ್ಚ್‌ನಲ್ಲಿ ಮೂರು ದಿನದಲ್ಲಿ 87 ಕೊಲೆಗಳಾದ ಬೆನ್ನಿಗೆ ತುರ್ತು ಪರಿಸ್ಥಿತಿ ಹೇರಿ, ತಿಂಗಳು ತಿಂಗಳೂ ವಿಸ್ತರಿಸುತ್ತಾ, 80 ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ಬೀದಿಗಳು ಸುರಕ್ಷಿತವಾದವು. ಸಂಜೆ ಮಕ್ಕಳು ಹೊರಗೆ ಆಡಬಹುದಾದ ಬಡಾವಣೆಯ ತಾಯಿಗೆ ಅದು ಏನೆಂದು ನಾವು ದೂರದಲ್ಲಿ ಕೂತು ಹಗುರಾಗಿ ಮಾತಾಡಬಾರದು. ತಪ್ಪಿಲ್ಲದೆ ಒಳಗಿರುವ ಮಗನ ಸುದ್ದಿಗಾಗಿ ಜೈಲಿನ ಹೊರಗೆ ಕಾಯುವ ತಾಯಿಯ ಬಗ್ಗೆಯೂ ಹಗುರಾಗಿ ಮಾತಾಡಬಾರದು.

2023ರ ಮೇ ತಿಂಗಳಲ್ಲಿ ಬುಕೆಲೆ ಕಾಲದ ನ್ಯಾಯಾಲಯ ಫುನೆಸ್‌ಗೆ ಗೈರುಹಾಜರಿಯಲ್ಲೇ 14 ವರ್ಷ, ಮುಂಗಿಯಾ ಪಾಯೆಸ್‌ಗೆ 18 ವರ್ಷ ಶಿಕ್ಷೆ ವಿಧಿಸಿತು. ಕಾರಣ ಗ್ಯಾಂಗ್‌ಗಳ ಜೊತೆಗಿನ ಆ ಒಪ್ಪಂದ. ಆದರೆ 2021ರ ಡಿಸೆಂಬರ್‌ನಲ್ಲೇ ಅಮೆರಿಕದ ಖಜಾನೆ ಇಲಾಖೆ ಬುಕೆಲೆ ಸರ್ಕಾರದ ಇಬ್ಬರು ಅಧಿಕಾರಿಗಳ ಮೇಲೆ ನಿರ್ಬಂಧ ಹೇರಿತ್ತು. ಅದರ ಕಾರಣವೂ ಗ್ಯಾಂಗ್ ನಾಯಕರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದ ಆರೋಪವೇ. ಬುಕೆಲೆ ಅದನ್ನು ಅಲ್ಲಗಳೆಯುತ್ತಾರೆ. ಆ ಬಗ್ಗೆ ಎಲ್ ಸಾಲ್ವಡೋರ್‌ನ ಯಾವ ನ್ಯಾಯಾಲಯವೂ ವಿಚಾರಣೆ ನಡೆಸಿಲ್ಲ. ಫುನೆಸ್ ಕಾಲದ ಗುಟ್ಟನ್ನು ಬಯಲು ಮಾಡಿದ ಎಲ್ ಫಾರೊ, 2023ರಲ್ಲಿ ತನ್ನ ನೋಂದಣಿಯನ್ನು ಕೋಸ್ಟರಿಕಾಕ್ಕೆ ಸ್ಥಳಾಂತರಿಸಿತು. 2025ರ ಮೇ ತಿಂಗಳಲ್ಲಿ, ಬುಕೆಲೆ ಜೊತೆಗಿನ ವ್ಯವಹಾರದ ಬಗ್ಗೆ ಗ್ಯಾಂಗ್ ನಾಯಕರು ಕ್ಯಾಮೆರಾ ಮುಂದೆ ಹೇಳಿದ್ದನ್ನು ಪ್ರಕಟಿಸಿದ ಬಳಿಕ, ಅದರ ಹಲವು ಪತ್ರಕರ್ತರು ದೇಶ ಬಿಟ್ಟರು.

ಎಲ್ ಮೊಸೋಟೆಯ ಪ್ರಕರಣ ಕ್ಷಮಾದಾನ ಕಾನೂನು ಬಿದ್ದ ಮೇಲೆ ಮತ್ತೆ ತೆರೆದುಕೊಂಡಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಸೇನೆಯ ಕಡತ ನೋಡಲು ಹೋದ ನ್ಯಾಯಾಧೀಶ ಹೊರ್ಹೆ ಗುಸ್ಮಾನ್ ಅವರನ್ನು ಸೈನಿಕರು ಗೇಟಿನಲ್ಲೇ ತಡೆದರು. ಅದೇ ಡಿಸೆಂಬರ್‌ನಲ್ಲಿ ಬುಕೆಲೆ ಆ ಹಳ್ಳಿಗೇ ಬಂದು ಯುದ್ಧವೂ ಮೋಸ, ಶಾಂತಿ ಒಪ್ಪಂದವೂ ಮೋಸ ಎಂದರು. ಮರುವರ್ಷ, 60 ದಾಟಿದ ನ್ಯಾಯಾಧೀಶರನ್ನು ಮನೆಗೆ ಕಳಿಸುವ ಕಾನೂನು ಬಂದು ಗುಸ್ಮಾನ್ ಪ್ರಕರಣದಿಂದ ಹೊರಬಿದ್ದರು. ಜನವರಿ 16ರ ಅಧಿಕೃತ ಸ್ಮರಣೆಯೂ 2022ರಲ್ಲಿ ರದ್ದಾಯಿತು. ಸತ್ತವರ ಮನೆಯವರು ಮಾತ್ರ ಪಟ್ಟು ಬಿಟ್ಟಿಲ್ಲ. ಕ್ಷಮೆ ಕೇಳಿದ ಅಧ್ಯಕ್ಷರು ತೆರೆಯದ, ಅವರ ನಂತರದವರು ಬೀಗ ಹಾಕಿದ ಆ ಸೇನಾ ಕಡತಗಳನ್ನು ನ್ಯಾಯಾಲಯದ ಮುಂದಿಡಿ ಎಂಬುದೇ ಅವರ ಬೇಡಿಕೆ.